ಮೆರಿಟ್ ಸ್ಕಾಲರ್‌ಶಿಪ್ ಬಂತು, ಕಟ್ಟುವ ಹಣ ಯಾಕೆ ಇಳಿಯಲಿಲ್ಲ?

ಮಾರ್ಚ್ ಕೊನೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಲೇಜಿನದೇ ಮಾತು. ಯಾರ ಮಗನಿಗೆ ಎಲ್ಲಿ ಸೀಟು ಸಿಕ್ಕಿತು, ಯಾರ ಮಗಳಿಗೆ ಎಷ್ಟು ಮೆರಿಟ್ ಸ್ಕಾಲರ್‌ಶಿಪ್ ಬಂತು. "ವರ್ಷಕ್ಕೆ 15 ಸಾವಿರ ಡಾಲರ್" ಅಂತ ಒಬ್ಬರು ಹಾಕಿದರೆ ಸಾಲಾಗಿ ಅಭಿನಂದನೆಗಳು. ಅಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಅದು ಬಂದಮೇಲೆ ನೀವು ಕಟ್ಟುವ ಹಣ ಎಷ್ಟು ಇಳಿಯಿತು?

ಉತ್ತರ 15 ಸಾವಿರವೂ ಆಗಬಹುದು, ಸೊನ್ನೆಯೂ ಆಗಬಹುದು. ಕಾಲೇಜು ಅದೇ, ಸ್ಕಾಲರ್‌ಶಿಪ್ ಅದೇ. ಒಂದು ಮನೆಗೆ ಪೂರ್ತಿ ಉಳಿತಾಯ, ಪಕ್ಕದ ಮನೆಗೆ ಒಂದು ಡಾಲರೂ ಇಲ್ಲ. ಅದರಲ್ಲೂ ಏನೂ ಉಳಿಯದೇ ಇರುವುದು ಬಹಳ ಸಲ ಕಡಿಮೆ ಆದಾಯದ ಮನೆಗೇ. ಯಾಕೆ ಹೀಗೆ ಅನ್ನುವುದು ಗೊತ್ತಾಗಬೇಕಾದರೆ ಕಾಲೇಜಿನವರು ಲೆಕ್ಕ ಹಾಕುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಅಲ್ಲಿ ಸಹಾಯದ ಹಣ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮನೆಯ ಪರಿಸ್ಥಿತಿ ನೋಡಿ ಕೊಡುವುದು. ಇದನ್ನು ಎಲ್ಲರೂ 'ನೀಡ್' ಅನ್ನುತ್ತಾರೆ. ಇನ್ನೊಂದು, ಅಂಕ, ಆಟ, ಸಂಗೀತ ಅಥವಾ ಬೇರೆ ಸಾಧನೆ ನೋಡಿ ಕೊಡುವುದು. ಅದು 'ಮೆರಿಟ್'. ಇವೆರಡೂ ಬೇರೆ ಬೇರೆ ಡಬ್ಬಿ, ಒಂದರ ಮೇಲೊಂದು ಸೇರಿಕೊಳ್ಳುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಕೂತವರಿಗೆ ಎರಡೂ ಒಂದೇ ಡಬ್ಬಿ.

ಲೆಕ್ಕ ಶುರುವಾಗುವುದು ಹೀಗೆ. ಮೊದಲು ಒಂದು ವರ್ಷದ ಒಟ್ಟು ಖರ್ಚು: ಟ್ಯೂಷನ್, ಹಾಸ್ಟೆಲ್, ಊಟ, ಪುಸ್ತಕ, ಓಡಾಟ ಎಲ್ಲ ಸೇರಿ. ಆಮೇಲೆ ನಿಮ್ಮ ಕುಟುಂಬ ಎಷ್ಟು ಕೊಡಬಲ್ಲದು ಅನ್ನುವ ಅಂದಾಜು. ಇದಕ್ಕೆ 'ಫಾಫ್ಸಾ' ಅನ್ನುವ ಸರ್ಕಾರಿ ಅರ್ಜಿ ಇದೆ. ಅದರಿಂದ ಬರುವ ಸಂಖ್ಯೆಗೆ 2024-25ರ ಶೈಕ್ಷಣಿಕ ವರ್ಷದಿಂದ 'ಸ್ಟೂಡೆಂಟ್ ಏಡ್ ಇಂಡೆಕ್ಸ್' ಅಂತ ಹೆಸರು. ಅದಕ್ಕೂ ಮುಂಚೆ 'ಇಎಫ್‌ಸಿ', ಅಂದರೆ ಕುಟುಂಬದಿಂದ ನಿರೀಕ್ಷಿಸುವ ಪಾಲು, ಅನ್ನುವ ಹೆಸರಿತ್ತು. ದೊಡ್ಡ ಖಾಸಗಿ ಕಾಲೇಜುಗಳು ಇದರ ಜೊತೆಗೆ 'ಸಿಎಸ್ಎಸ್ ಪ್ರೊಫೈಲ್' ಅನ್ನುವ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಅದು ಸ್ವಲ್ಪ ಕೆದಕುವ ಜಾತಿ. ಫಾಫ್ಸಾ ನೀವು ವಾಸವಿರುವ ಮನೆಯ ಬೆಲೆ ಕೇಳುವುದಿಲ್ಲ, ಸಿಎಸ್ಎಸ್ ಕೇಳುತ್ತದೆ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿ ತೆಗೆದಿಟ್ಟ ಸೈಟನ್ನು ಮಾತ್ರ ಎರಡರಲ್ಲೂ ತೋರಿಸಬೇಕು. ದೇಶ ಬೇರೆ ಅಂತ ಅದು ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ.

ಒಟ್ಟು ಖರ್ಚಿನಲ್ಲಿ ಕುಟುಂಬದ ಪಾಲನ್ನು ಕಳೆದರೆ ಉಳಿಯುವುದೇ ನೀಡ್. ಇಡೀ ಕಥೆಯ ಕೀಲಿ ಮುಂದಿನ ಮಾತಿನಲ್ಲಿದೆ. ಮೆರಿಟ್ ಹಣ ಬಂದರೆ ಅದನ್ನು ಮೊದಲು ಹಾಕುವುದು ಈ ನೀಡ್ ಭಾಗಕ್ಕೆ. ನಿಮ್ಮ ಪಾಲಿನ ಕಡೆಗೆ ಅದು ಬರುವುದು ನೀಡ್ ಪೂರ್ತಿ ತುಂಬಿ ಇನ್ನೂ ಮಿಕ್ಕಿದ್ದರೆ ಮಾತ್ರ.

ಒಂದು ಪತ್ರ, ಮೂರು ಮನೆ

ಲೆಕ್ಕಕ್ಕೆ ಸುಲಭ ಆಗಲಿ ಅಂತ ದುಂಡಗಿನ ಸಂಖ್ಯೆ ತೆಗೆದುಕೊಳ್ಳುತ್ತೇನೆ. ಒಂದು ಖಾಸಗಿ ಕಾಲೇಜಿನಲ್ಲಿ ವರ್ಷದ ಒಟ್ಟು ಖರ್ಚು 80,000 ಡಾಲರ್. ಯಾರಿಗೆ ಎಷ್ಟು ನೀಡ್ ಇದೆಯೋ ಅಷ್ಟನ್ನೂ ತುಂಬಿಕೊಡುತ್ತೇವೆ ಅಂತ ಈ ಕಾಲೇಜು ಹೇಳಿದೆ ಅಂದುಕೊಳ್ಳಿ.

ಮೊದಲನೇ ಮನೆಯ ಪಾಲು 22,000. ಅಂದರೆ ನೀಡ್ 58,000. ಕಾಲೇಜು ಕಳಿಸುವ ಸಹಾಯದ ಪತ್ರದಲ್ಲಿ ಹೀಗೆ ಬರುತ್ತದೆ: ವಾಪಸ್ ಕೊಡಬೇಕಿಲ್ಲದ ಕಾಲೇಜಿನ ಗ್ರಾಂಟ್ 52,000, ಬಡ್ಡಿಯನ್ನು ಓದು ಮುಗಿಯುವವರೆಗೆ ಸರ್ಕಾರವೇ ನೋಡಿಕೊಳ್ಳುವ ಸಬ್ಸಿಡೈಸ್ಡ್ ಲೋನ್ 3,500, ಕ್ಯಾಂಪಸ್ಸಿನಲ್ಲೇ ದುಡಿದು ಗಳಿಸುವ ವರ್ಕ್ ಸ್ಟಡಿ 2,500. ಕೂಡಿದರೆ 58,000. ಈಗ ಈ ಮನೆಯ ಹುಡುಗಿಗೆ ಅದೇ ಕಾಲೇಜಿನಿಂದ 15,000 ಡಾಲರಿನ ಮೆರಿಟ್ ಸ್ಕಾಲರ್‌ಶಿಪ್ ಬಂದಿದೆ. ಹೊಸ ಪತ್ರದಲ್ಲಿ ಮೆರಿಟ್ 15,000, ಗ್ರಾಂಟ್ 37,000. ಎರಡೂ ಸೇರಿ ಮತ್ತೆ ಅದೇ 52,000. ಮನೆಯವರು ಕಟ್ಟಬೇಕಾದದ್ದು ಮೊದಲಿನಂತೆ 22,000. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಎರಡನೇ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಒಳ್ಳೆ ಸಂಬಳ. ಅವರ ಪಾಲು 95,000 ಅಂತ ಲೆಕ್ಕ ಬಂತು. ಖರ್ಚಿಗಿಂತ ಪಾಲೇ ಜಾಸ್ತಿ, ಹಾಗಾಗಿ ನೀಡ್ ಸೊನ್ನೆ, ಗ್ರಾಂಟೂ ಇಲ್ಲ. ಅವರ ಮಗನಿಗೂ ಅದೇ 15,000 ಮೆರಿಟ್ ಬಂತು. ಕಿತ್ತುಕೊಳ್ಳಲು ಇಲ್ಲೇನೂ ಇಲ್ಲವಲ್ಲ. 80,000 ಕಟ್ಟುವ ಕಡೆ 65,000 ಕಟ್ಟಿದರೆ ಆಯಿತು. ಇವರಿಗೆ 15,000 ಪೂರ್ತಿ ಉಳಿಯಿತು.

ಮೂರನೆಯದು ಮಧ್ಯದ ಮನೆ. ಪಾಲು 70,000, ನೀಡ್ 10,000. ಅದರಲ್ಲಿ ಗ್ರಾಂಟ್ 4,000, ಲೋನ್ 3,500, ವರ್ಕ್ ಸ್ಟಡಿ 2,500. ಮೆರಿಟ್ 15,000 ಬಂದಾಗ ನೀಡ್ 10,000 ಪೂರ್ತಿ ತುಂಬಿಹೋಯಿತು. ಗ್ರಾಂಟ್, ಸಬ್ಸಿಡಿ ಲೋನ್, ವರ್ಕ್ ಸ್ಟಡಿ ಮೂರೂ ಪತ್ರದಿಂದ ಮಾಯ. ಮಿಕ್ಕ 5,000 ಮನೆಯವರ ಪಾಲಿನಲ್ಲಿ ಇಳಿಯಿತು. ಸಾಲ ಮಾಡಿ, ದುಡಿದು ತುಂಬಬೇಕಿದ್ದ 6,000ವೂ ತಪ್ಪಿತು. ಇವರಿಗೆ ನಿಜವಾದ ಲಾಭ 11,000. ಅಂದರೆ 15,000ದಲ್ಲಿ ಕಳೆದುಕೊಂಡ 4,000ದ ಗ್ರಾಂಟನ್ನು ಕಳೆಯಿರಿ.

ಲೆಕ್ಕ ಇಷ್ಟೇ. ಮೆರಿಟ್ ಬರದಿದ್ದರೆ ಎಷ್ಟು ಗ್ರಾಂಟ್ ಸಿಗುತ್ತಿತ್ತೋ ಅದನ್ನು ಮೆರಿಟ್ ಮೊತ್ತದಿಂದ ಕಳೆದರೆ ಉಳಿಯುವುದು ನಿಮ್ಮ ಉಳಿತಾಯ. ಗ್ರಾಂಟೇ ದೊಡ್ಡದಾಗಿದ್ದರೆ ಉಳಿತಾಯ ಸೊನ್ನೆ. ಹಾಗಂತ ಮೊದಲನೇ ಮನೆಗೆ ಮೋಸ ಆಯಿತು ಅನ್ನುವುದೂ ಪೂರ್ತಿ ಸರಿಯಲ್ಲ. ಅವರು 22,000 ಕಟ್ಟುತ್ತಿದ್ದಾರೆ, ಎರಡನೇ ಮನೆಯವರು 65,000. ಬೇಜಾರಿನ ವಿಷಯ ಏನೆಂದರೆ ಆ ಹುಡುಗಿಯ ಓದಿಗೆ ಬಂದ ಬಹುಮಾನ ಅವಳ ಮನೆಯ ಜೇಬಿಗೆ ಮುಟ್ಟಲಿಲ್ಲ. ಅದನ್ನು ಮುಂಚೆಯೇ ಯಾರಾದರೂ ಬಿಡಿಸಿ ಹೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮೊದಲನೇ ಮನೆಗೆ ಮೆರಿಟ್‌ನಿಂದ ಏನೂ ಉಪಯೋಗವಿಲ್ಲವೇ ಅಂದರೆ, ಇದೆ. ನೀಡ್ ಗ್ರಾಂಟನ್ನು ಪ್ರತಿ ವರ್ಷ ಹೊಸದಾಗಿ ಲೆಕ್ಕ ಹಾಕುತ್ತಾರೆ. ಅಮ್ಮನಿಗೆ ಕೆಲಸ ಸಿಕ್ಕಿತು, ಆದಾಯ ಏರಿತು ಅಂದರೆ ಮುಂದಿನ ವರ್ಷ ಗ್ರಾಂಟ್ ಇಳಿಯುತ್ತದೆ. ಮೆರಿಟ್ ಹಾಗಲ್ಲ, ಸಂಬಳ ಏರಿದರೂ ಇಳಿದರೂ ಅದು ಅಲ್ಲೇ ಇರುತ್ತದೆ. ಅದಕ್ಕೆ ಅಪಾಯ ಬೇರೆ ಕಡೆಯಿಂದ. ಬಹಳಷ್ಟು ಮೆರಿಟ್ ಸ್ಕಾಲರ್‌ಶಿಪ್‌ಗಳಿಗೆ ಇಂತಿಷ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಉಳಿಸಿಕೊಳ್ಳಬೇಕು ಅನ್ನುವ ಷರತ್ತು ಇರುತ್ತದೆ. ಕೆಲವು ಕಡೆ 3.0, ಕೆಲವು ಕಡೆ ಅದಕ್ಕಿಂತ ಮೇಲೆ. ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಜಿಪಿಎ ಬೀಳುವುದು ಅಪರೂಪವೇನಲ್ಲ. ಆಗ ಮೆರಿಟ್ ಹೋದರೆ ಆ ಜಾಗವನ್ನು ಕಾಲೇಜು ಮತ್ತೆ ಗ್ರಾಂಟ್‌ನಿಂದ ತುಂಬುತ್ತದೆಯೇ? ತುಂಬುವ ಕಾಲೇಜುಗಳಿವೆ, ಕೈ ಎತ್ತುವ ಕಾಲೇಜುಗಳೂ ಇವೆ. ಸೇರುವ ಮುಂಚೆ ಕೇಳಿಕೊಳ್ಳಬೇಕಾದ ವಿಷಯ ಇದು.

ಹೊರಗಿನಿಂದ ಬಂದ ಹಣ

ಕಾಲೇಜಿನದಲ್ಲದ ಸ್ಕಾಲರ್‌ಶಿಪ್‌ಗಳೂ ಇವೆ. ಅಪ್ಪನ ಕಂಪನಿ ಕೊಡುವುದು, ರೋಟರಿ ಕ್ಲಬ್ ಕೊಡುವುದು, ನ್ಯಾಷನಲ್ ಮೆರಿಟ್‌ನವರು ಒಂದೇ ಸಲ ಕೊಡುವ 2,500 ಡಾಲರ್. ಊರಿನ ಕನ್ನಡ ಕೂಟ 500 ಡಾಲರ್ ಕೊಟ್ಟರೂ ಅದು ಇದೇ ಗುಂಪಿಗೆ ಸೇರುತ್ತದೆ. ಇದನ್ನೆಲ್ಲ ಕಾಲೇಜಿಗೆ ತಿಳಿಸಲೇಬೇಕು. ಸುಮ್ನೆ ಇದ್ದರೆ ಆಯಿತು ಅಂತ ಹೇಳಿಕೊಡುವವರು ಇದ್ದಾರೆ, ಅವರ ಮಾತು ಕೇಳಬೇಡಿ. ಬಹಳ ಸಲ ಚೆಕ್ಕು ನೇರವಾಗಿ ಕಾಲೇಜಿಗೇ ಹೋಗುತ್ತದೆ.

ಮೊದಲನೇ ಮನೆಯ ಹುಡುಗಿಗೆ ಕಾಲೇಜಿನ ಮೆರಿಟ್ ಬರದೆ, ಹೊರಗಿನಿಂದ 5,000 ಬಂತು ಅಂದುಕೊಳ್ಳಿ. ನೀಡ್ ಆಗಲೇ ತುಂಬಿದೆ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಸರ್ಕಾರದ ನೀಡ್ ಸಹಾಯ ಸೇರಿಸಿಕೊಂಡು ಒಟ್ಟು ಮೊತ್ತ ನೀಡ್ ಮೀರುವ ಹಾಗಿಲ್ಲ. ಹಾಗಾಗಿ ಏನಾದರೂ ಒಂದನ್ನು ಇಳಿಸಲೇಬೇಕು. ಯಾವುದನ್ನು ಇಳಿಸಬೇಕು ಅನ್ನುವುದು ಕಾಲೇಜಿಗೆ ಬಿಟ್ಟಿದ್ದು. ಒಳ್ಳೆ ಮನಸ್ಸಿನ ಕಾಲೇಜು ಮೊದಲು ವರ್ಕ್ ಸ್ಟಡಿಯ 2,500 ತೆಗೆಯುತ್ತದೆ, ಆಮೇಲೆ ಲೋನ್‌ನಲ್ಲಿ 2,500 ತೆಗೆಯುತ್ತದೆ. ಈಗ ಸಾಲ 3,500ರ ಬದಲು 1,000. ಇವತ್ತಿನ ಜೇಬಿಗೆ ಉಳಿಯದಿದ್ದರೂ ನಾಳೆಯ ಸಾಲ ಕಮ್ಮಿಯಾಯಿತು, ಓದುವ ಹೊತ್ತೂ ಉಳಿಯಿತು. ಇನ್ನೊಂದು ಕಾಲೇಜು ಅದೇ 5,000ವನ್ನು ಗ್ರಾಂಟ್‌ನಿಂದ ಕಳೆದು 52,000ವನ್ನು 47,000 ಮಾಡುತ್ತದೆ. ಹುಡುಗಿ ಬರೆದ ಪ್ರಬಂಧಗಳಿಗೆ, ಕೊಟ್ಟ ಇಂಟರ್‌ವ್ಯೂಗಳಿಗೆ ಬಂದ ಹಣ ಕಾಲೇಜಿನ ಖಜಾನೆಗೆ ಹೋದ ಹಾಗಾಯಿತು. ಇದಕ್ಕೆ ಅಲ್ಲಿನವರು 'ಸ್ಕಾಲರ್‌ಶಿಪ್ ಡಿಸ್‌ಪ್ಲೇಸ್‌ಮೆಂಟ್' ಅನ್ನುತ್ತಾರೆ.

ಇದರ ವಿರುದ್ಧ ಮೊದಲು ಕಾನೂನು ಮಾಡಿದ ರಾಜ್ಯ ಮೇರಿಲ್ಯಾಂಡ್. 2017ರಲ್ಲಿ ಅಲ್ಲಿನ ಸರ್ಕಾರಿ ಕಾಲೇಜುಗಳಿಗೆ ಕಡಿವಾಣ ಹಾಕಿದರು. ಆಮೇಲೆ ನ್ಯೂಜೆರ್ಸಿ, ವಾಷಿಂಗ್ಟನ್, ಪೆನ್ಸಿಲ್ವೇನಿಯಾ ಬಂದವು. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಸಹಿಯಾದ ಕಾನೂನು ಖಾಸಗಿ ಕಾಲೇಜುಗಳನ್ನೂ ಮುಟ್ಟುತ್ತದೆ. ಆದರೆ ಅದರ ರಕ್ಷಣೆ ಇರುವುದು ಪೆಲ್ ಗ್ರಾಂಟ್‌ನಂಥ ಸಹಾಯಕ್ಕೆ ಅರ್ಹರಾದ, ಅಂದರೆ ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ. ಬೇ ಏರಿಯಾದ ಟೆಕ್ಕಿ ಮನೆಗಳಿಗೆ ಅದರಿಂದ ಅನುಕೂಲ ಕಮ್ಮಿ. ಅವರಿಗೆ ಹೇಗೂ ಕಿತ್ತುಕೊಳ್ಳುವಂಥ ಗ್ರಾಂಟ್ ಇರುವುದಿಲ್ಲ, ಹಾಗಾಗಿ ತೊಂದರೆಯೂ ಇಲ್ಲ.

ಇಲ್ಲೊಂದು ವಿಚಿತ್ರ ನೋಡಿ. ನೀಡ್ ಪೂರ್ತಿ ತುಂಬದ ಕಾಲೇಜಿನಲ್ಲಿ ಹೊರಗಿನ ಸ್ಕಾಲರ್‌ಶಿಪ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಅದೇ ಹುಡುಗಿಗೆ 58,000 ನೀಡ್ ಇದ್ದು ಕಾಲೇಜು 46,000 ಮಾತ್ರ ಕೊಟ್ಟಿತು ಅಂದರೆ 12,000 ಖಾಲಿ ಬಿದ್ದಿದೆ. ಅದಕ್ಕೆ 'ಗ್ಯಾಪ್' ಅನ್ನುತ್ತಾರೆ. ಹೊರಗಿನ 5,000 ಆ ಗ್ಯಾಪ್‌ಗೆ ಹೋಗಿ ಕೂರಬಹುದು. ಯಾವುದನ್ನೂ ಇಳಿಸಬೇಕಾದ ನಿಯಮ ಇಲ್ಲ. ಅಪ್ಪ ಅಮ್ಮ ಸಾಲ ಮಾಡಿ ತುಂಬಬೇಕಿದ್ದ ಜಾಗ ಅಷ್ಟು ಕಿರಿದಾಗುತ್ತದೆ. ಅಮೆರಿಕದ ಬಹುಪಾಲು ಕಾಲೇಜುಗಳು ನೀಡ್ ಪೂರ್ತಿ ತುಂಬುವುದಿಲ್ಲ. ಹಾಗಾಗಿ ಹೊರಗಿನ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ದಂಡ ಅನ್ನುವ ಮಾತು ಎಲ್ಲರಿಗೂ ಹೊಂದುವುದಿಲ್ಲ.

ಹಾರ್ವರ್ಡ್ ಯಾಕೆ ಮೆರಿಟ್ ಕೊಡುವುದಿಲ್ಲ

"ಹಾರ್ವರ್ಡ್‌ನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿದೆ" ಅಂತ ಯಾರಾದರೂ ಹೇಳಿದರೆ ಅದು ನೀಡ್ ಗ್ರಾಂಟ್. ಪದವಿ ಹಂತದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿ ಎಂಟೂ ಐವಿ ಲೀಗ್ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಆಟಕ್ಕೂ ಕೊಡುವುದಿಲ್ಲ. ಎಂಐಟಿಯದೂ ಅದೇ ನಿಯಮ. ಒಂದು ಕಾಲದಲ್ಲಿ ಈ ಕಾಲೇಜುಗಳವರು ವರ್ಷಕ್ಕೊಮ್ಮೆ ಸಭೆ ಸೇರಿ, ಎರಡು ಮೂರು ಕಡೆ ಸೀಟು ಸಿಕ್ಕ ಹುಡುಗರಿಗೆ ಯಾರು ಎಷ್ಟು ಕೊಡಬೇಕು ಅಂತ ತಮ್ಮತಮ್ಮಲ್ಲೇ ಹೊಂದಿಸಿಕೊಳ್ಳುತ್ತಿದ್ದರು. ಪೈಪೋಟಿ ಮೇಲೆ ಮೆರಿಟ್ ಕೊಟ್ಟು ಹುಡುಗರನ್ನು ಸೆಳೆಯಬಾರದು ಅನ್ನುವುದು ಒಪ್ಪಂದ. 1991ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಇದು ಬೆಲೆ ಕಟ್ಟುವ ಕೂಟ ಅಂತ ಕೇಸು ಹಾಕಿತು. ಐವಿ ಕಾಲೇಜುಗಳು ರಾಜಿ ಮಾಡಿಕೊಂಡವು. ಎಂಐಟಿ ಹೋರಾಡಿತು, 1993ರಲ್ಲಿ ಅದೂ ರಾಜಿಯಾಯಿತು. ಸಭೆ ನಿಂತಿತು. ಮೆರಿಟ್ ಕೊಡದ ಪದ್ಧತಿ ಮಾತ್ರ ಹಾಗೇ ಉಳಿಯಿತು.

ಅವರಿಗೆ ಅದರ ಅವಶ್ಯಕತೆಯೂ ಇಲ್ಲ. ಬರುವವರು ಎಲ್ಲರೂ ಮೆರಿಟ್ಟೇ. ಬದಲಿಗೆ ನೀಡ್ ಗ್ರಾಂಟನ್ನು ಬೆಳೆಸಿದ್ದಾರೆ. ಪ್ರಿನ್ಸ್‌ಟನ್ 2001ರಲ್ಲೇ ತನ್ನ ಪ್ಯಾಕೇಜಿನಿಂದ ಸಾಲವನ್ನು ತೆಗೆದುಹಾಕಿತು. 2025-26ರಿಂದ ಹಾರ್ವರ್ಡ್‌ನಲ್ಲಿ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯವಿರುವ, ಸಾಧಾರಣ ಆಸ್ತಿಯ ಮನೆಗಳಿಗೆ ಟ್ಯೂಷನ್ ಇಲ್ಲ. ಪ್ರಿನ್ಸ್‌ಟನ್‌ನಲ್ಲಿ ಬಹುತೇಕ 2.5 ಲಕ್ಷದವರೆಗೂ ಇಲ್ಲ. ಅಂಥ ಕಡೆ ಸೀಟು ಸಿಕ್ಕಿದ ಮಧ್ಯಮ ವರ್ಗದ ಮನೆಗೆ ಬೇರೆ ಕಾಲೇಜಿನ ದೊಡ್ಡ ಮೆರಿಟ್‌ಗಿಂತ ಇದೇ ಅಗ್ಗ ಆಗಬಹುದು.

ಹಾಗಾದರೆ ಮೆರಿಟ್ ಕೊಡುವವರು ಯಾರು? ಒಳ್ಳೆಯ ಹುಡುಗರು ಬೇರೆ ಕಡೆ ಹೋಗಿಬಿಡುತ್ತಾರೆ ಅನ್ನುವ ಭಯ ಇರುವವರು. ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘದ ಲೆಕ್ಕದ ಪ್ರಕಾರವೇ ಖಾಸಗಿ ಕಾಲೇಜುಗಳಲ್ಲಿ ಹೊಸದಾಗಿ ಸೇರುವವರ ಟ್ಯೂಷನ್‌ನಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಕಾಲೇಜುಗಳು ತಾವೇ ಬಿಟ್ಟುಕೊಡುತ್ತಿವೆ. ಸೀರೆ ಅಂಗಡಿಯಲ್ಲಿ ಬೆಲೆ ಚೀಟಿ ಅಂಟಿಸಿ, ಅದರ ಮೇಲೆ ಹಬ್ಬದ ರಿಯಾಯಿತಿ ಬರೆಯುವ ಹಾಗೆ. ಆ ರಿಯಾಯಿತಿಗೆ 'ಡೀನ್ಸ್ ಸ್ಕಾಲರ್‌ಶಿಪ್', 'ಪ್ರೆಸಿಡೆಂಟ್ಸ್ ಸ್ಕಾಲರ್‌ಶಿಪ್' ಅಂತ ಹೆಸರಿಟ್ಟರೆ ಮನೆಯವರಿಗೂ ಹೆಮ್ಮೆ. ಹೆಸರು ಎಷ್ಟೇ ದೊಡ್ಡದಿರಲಿ, ಕೊನೆಯ ಸಾಲಿನ ಸಂಖ್ಯೆ ನೋಡುವುದೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ.

ರಾಜ್ಯಗಳೂ ಈ ಆಟದಲ್ಲಿವೆ. ಜಾರ್ಜಿಯಾ 1993ರಲ್ಲಿ ಲಾಟರಿ ಹಣದಿಂದ 'ಹೋಪ್' ಸ್ಕಾಲರ್‌ಶಿಪ್ ಶುರು ಮಾಡಿತು. ಫ್ಲಾರಿಡಾ 1997ರಲ್ಲಿ 'ಬ್ರೈಟ್ ಫ್ಯೂಚರ್ಸ್' ತಂದಿತು. ಎರಡೂ ಅಂಕ ನೋಡುತ್ತವೆ, ಅಪ್ಪನ ಸಂಬಳ ನೋಡುವುದಿಲ್ಲ. ಅಟ್ಲಾಂಟಾದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಜಾರ್ಜಿಯಾ ಟೆಕ್ ಬಿಟ್ಟು ಹೊರರಾಜ್ಯಕ್ಕೆ ಹೋಗುತ್ತೇನೆ ಅಂದಾಗ ನಡೆಯುವ ಜಗಳಕ್ಕೆ ಈ ಹೋಪ್ ಒಂದು ದೊಡ್ಡ ಕಾರಣ.

ಎಚ್4 ಮಕ್ಕಳ ಲೆಕ್ಕ ಬೇರೆ

ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಎಚ್1ಬಿ ಕುಟುಂಬಗಳಿಗೆ ಇದುವರೆಗೆ ಹೇಳಿದ್ದರಲ್ಲಿ ಒಂದು ಭಾಗ ಅನ್ವಯಿಸುವುದೇ ಇಲ್ಲ. ಎಚ್4, ಅಂದರೆ ಎಚ್1ಬಿ ನೌಕರರ ಸಂಗಾತಿ ಮತ್ತು ಮಕ್ಕಳಿಗೆ ಕೊಡುವ ವೀಸಾದಲ್ಲಿರುವ ಮಗು ಅಲ್ಲೇ ಒಂದನೇ ಕ್ಲಾಸಿನಿಂದ ಓದಿದ್ದರೂ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್, ಸರ್ಕಾರಿ ಲೋನ್, ವರ್ಕ್ ಸ್ಟಡಿ ಯಾವುದೂ ಸಿಗುವುದಿಲ್ಲ. ಬಹಳಷ್ಟು ಖಾಸಗಿ ಕಾಲೇಜುಗಳು ಆ ಮಗುವನ್ನು ವಿದೇಶಿ ವಿದ್ಯಾರ್ಥಿ ಅಂತಲೇ ನೋಡುತ್ತವೆ. ಹಣದ ಸಹಾಯ ಕೇಳಿದರೆ ಸೀಟು ಸಿಗುವ ಅವಕಾಶವೇ ಕಮ್ಮಿಯಾಗಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ವಿದೇಶಿಯರ ವಿಷಯದಲ್ಲೂ ಹಣದ ಪರಿಸ್ಥಿತಿ ನೋಡದೆ ಸೀಟು ಕೊಟ್ಟು, ಆಮೇಲೆ ನೀಡ್ ಪೂರ್ತಿ ತುಂಬುತ್ತವೆ.

ಮಿಕ್ಕ ಕಡೆ ಎಚ್4 ಮಗುವಿಗೂ, ಬೆಂಗಳೂರಿನಿಂದ ಪಿಯುಸಿ ಮುಗಿಸಿ ಬರುವ ಹುಡುಗನಿಗೂ ಮೆರಿಟ್ಟೇ ಗತಿ. ಇಲ್ಲಿ ಒಂದು ಸಮಾಧಾನ ಇದೆ. ನೀಡ್ ಗ್ರಾಂಟ್ ಇಲ್ಲದ ಕಡೆ ಮೆರಿಟ್‌ಗೆ ಕಿತ್ತುಕೊಳ್ಳಲು ಏನೂ ಇಲ್ಲ. ಬಂದದ್ದು ಪೂರ್ತಿ ಉಳಿಯುತ್ತದೆ.

ವಿದೇಶಿ ವಿದ್ಯಾರ್ಥಿಗೆ ಸ್ಕಾಲರ್‌ಶಿಪ್ ತುಂಬಾ ದೊಡ್ಡದಾದರೆ ತೆರಿಗೆಯ ಕಾಟ ಶುರು. ಪದವಿಗೆ ಓದುವವರಿಗೆ ಟ್ಯೂಷನ್, ಕಡ್ಡಾಯ ಫೀಸು, ಪುಸ್ತಕಕ್ಕೆ ಹೋಗುವ ಸ್ಕಾಲರ್‌ಶಿಪ್ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ. ಹಾಸ್ಟೆಲ್ ಮತ್ತು ಊಟಕ್ಕೆ ಹೋಗುವ ಭಾಗ ಆದಾಯ ಅನ್ನಿಸಿಕೊಳ್ಳುತ್ತದೆ. ಎಫ್1 ಅನ್ನುವ ವಿದ್ಯಾರ್ಥಿ ವೀಸಾದವರಿಗೆ ಆ ಭಾಗದ ಮೇಲೆ ಕಾಲೇಜೇ ಸಾಮಾನ್ಯವಾಗಿ 14 ಶೇಕಡಾ ಹಿಡಿದುಕೊಳ್ಳುತ್ತದೆ. ಭಾರತದಿಂದ ಹೋದವರಿಗೆ ಎರಡು ದೇಶಗಳ ತೆರಿಗೆ ಒಪ್ಪಂದದಿಂದ ಒಂದು ಅನುಕೂಲ ಇದೆ. ಬೇರೆ ದೇಶದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ ಇವರಿಗೆ ಸಿಗುತ್ತದೆ. ರಿಟರ್ನ್ ಸಲ್ಲಿಸಿದರೆ ಹಿಡಿದ ಹಣ ಪೂರ್ತಿಯೋ ಸ್ವಲ್ಪವೋ ವಾಪಸ್ ಬರುವ ಸಾಧ್ಯತೆ ಇದೆ. ಅಲ್ಲೇ ನೆಲೆಸಿ, ಓದಿನ ಖರ್ಚಿಗೆಂದೇ ತೆರಿಗೆ ರಿಯಾಯಿತಿ ಇರುವ 529 ಖಾತೆಯಲ್ಲಿ ಹಣ ಕೂಡಿಟ್ಟವರಿಗೂ ಒಂದು ದಾರಿ ಇದೆ. ಮಗುವಿಗೆ ಬಂದ ತೆರಿಗೆರಹಿತ ಸ್ಕಾಲರ್‌ಶಿಪ್‌ನಷ್ಟು ಮೊತ್ತವನ್ನು ಆ ಖಾತೆಯಿಂದ 10 ಶೇಕಡಾ ದಂಡವಿಲ್ಲದೆ ತೆಗೆಯಬಹುದು. ಬೆಳೆದ ಭಾಗಕ್ಕೆ ಆದಾಯ ತೆರಿಗೆ ಮಾತ್ರ ಕಟ್ಟಬೇಕು.

ಯಾವಾಗ, ಏನು ಕೇಳಬೇಕು

ಅರ್ಜಿ ಹಾಕುವ ಮುಂಚೆಯೇ ಒಂದು ಅಂದಾಜು ಸಿಗುತ್ತದೆ. 2008ರ ಕಾನೂನಿನಿಂದಾಗಿ ಸರ್ಕಾರದ ಸಹಾಯ ಪಡೆಯುವ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ 'ನೆಟ್ ಪ್ರೈಸ್ ಕ್ಯಾಲ್ಕುಲೇಟರ್' ಇಡಬೇಕು. ಒಂದು ಸಂಜೆ ಕೂತು, ಕಾಲೇಜಿನ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಆದಾಯ, ಆಸ್ತಿ ಹಾಕಿ ನೋಡಿ. ಗ್ರಾಂಟ್ ಸೊನ್ನೆ ಅಂತ ಬಂದರೆ ನಿಮಗೆ ಮೆರಿಟ್ ಕೊಡುವ ಕಾಲೇಜುಗಳೇ ಬೇಕು. ಗ್ರಾಂಟ್ ದೊಡ್ಡದಾಗಿ ಬಂದರೆ ಮೆರಿಟ್‌ನ ಹಿಂದೆ ಓಡುವ ಬದಲು ನೀಡ್ ಪೂರ್ತಿ ತುಂಬುವ ಕಾಲೇಜು ಹುಡುಕುವುದು ಲಾಭ. ಇನ್ನು 'ಅರ್ಲಿ ಡಿಸಿಷನ್' ಹಾಕಿದರೆ ಒಂದೇ ಕಾಲೇಜಿಗೆ ಮಾತು ಕೊಟ್ಟ ಹಾಗೆ, ಬೇರೆ ಕಡೆಯ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶವೇ ಹೋಗುತ್ತದೆ. ಹಣದ ಲೆಕ್ಕ ಮುಖ್ಯ ಆಗಿರುವ ಮನೆಗೆ ಅದು ಬೇಡ ಅಂತಲೇ ನಾನು ಹೇಳುತ್ತೇನೆ.

ಪತ್ರ ಕೈಗೆ ಬಂದಮೇಲೆ ಫೈನಾನ್ಶಿಯಲ್ ಏಡ್ ಆಫೀಸಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಕೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಹೊರಗಿನಿಂದ ಸ್ಕಾಲರ್‌ಶಿಪ್ ಬಂದರೆ ಮೊದಲು ಏನನ್ನು ಇಳಿಸುತ್ತೀರಿ, ಲೋನೋ ಗ್ರಾಂಟೋ? ಮೆರಿಟ್ ಉಳಿಯಲು ಜಿಪಿಎ ಎಷ್ಟಿರಬೇಕು, ಒಂದು ಸೆಮಿಸ್ಟರ್ ಬಿದ್ದರೆ ಸುಧಾರಿಸಿಕೊಳ್ಳಲು ಅವಕಾಶ ಇದೆಯೇ? ಮೆರಿಟ್ ಹೋದರೆ ಗ್ರಾಂಟ್ ಏರಿಸುತ್ತೀರಾ? ಟ್ಯೂಷನ್ ವರ್ಷವರ್ಷ ಏರುತ್ತದೆ, ಮೆರಿಟ್ ಮೊತ್ತವೂ ಏರುತ್ತದೆಯೋ ಅಥವಾ ನಾಲ್ಕು ವರ್ಷವೂ ಅಷ್ಟೇ ಇರುತ್ತದೆಯೋ? ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ "ಅಷ್ಟೇ ಇರುತ್ತದೆ". ಹಾಗಾಗಿ ನಾಲ್ಕನೇ ವರ್ಷದ ಬಿಲ್ ಎಷ್ಟಾಗಬಹುದು ಅಂತ ಈಗಲೇ ಒಂದು ಕಾಗದದಲ್ಲಿ ಬರೆದು ನೋಡಿ. ಬಹುತೇಕ ಕಾಲೇಜುಗಳಿಗೆ ಮೇ 1ರೊಳಗೆ ಡೆಪಾಸಿಟ್ ಕಟ್ಟಬೇಕು, ಆ ಇಮೇಲ್‌ಗೆ ಉತ್ತರ ಅದಕ್ಕಿಂತ ಮುಂಚೆ ನಿಮ್ಮ ಕೈಯಲ್ಲಿರಲಿ.